ಪಿಟ್ಸ್‌ಬರ್ಗಿನ ‘ನೆಬಿ’: ಒಂದು ಬೈಗುಳದ ವಲಸೆ

ಪಕ್ಕದ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಕಿಟಕಿಯಲ್ಲಿ ಇಣುಕುವ ಮಗುವನ್ನು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ತಾಯಂದಿರು ಗದರುವುದು ‘ನೆಬಿ’ ಎಂಬ ಪದದಿಂದ. ಊರ ಉಸಾಬರಿಯೆಲ್ಲ ತಲೆಗೆ ಹಚ್ಚಿಕೊಳ್ಳುವವರಿಗೆ ಪಶ್ಚಿಮ ಪೆನ್ಸಿಲ್ವೇನಿಯದ ಹೆಸರು ಅದು. ಅದೇ ದೇಶದ ಬೇರೆ ಕಡೆಯವರಲ್ಲಿ ಬಹಳಷ್ಟು ಜನ ಈ ಪದವನ್ನೇ ಕೇಳಿರುವುದಿಲ್ಲ.

ಮೂಲ ಹುಡುಕುತ್ತ ಹೋದರೆ ಹಳೆಯ ಇಂಗ್ಲಿಷಿನ ‘ನೆಬ್’ ಸಿಗುತ್ತದೆ. ಹಾಗೆಂದರೆ ಹಕ್ಕಿಯ ಕೊಕ್ಕು, ಮನುಷ್ಯರ ಮೂಗು, ಮುಖ ಕೂಡ. ನಮ್ಮ ಶಾಯಿ ಪೆನ್ನಿನ ತುದಿಯಲ್ಲಿರುವ ನಿಬ್ಬು ಇದೇ ಪದದ ಇನ್ನೊಂದು ರೂಪ. ದಕ್ಷಿಣ ಇಂಗ್ಲೆಂಡಿನಲ್ಲಿ ನೆಬ್ ಬಳಕೆ ತಪ್ಪುತ್ತ ಬಂದರೂ ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಜನ ಅದನ್ನು ಬಿಡಲಿಲ್ಲ. 17ನೇ ಶತಮಾನದಲ್ಲಿ ಸಾವಿರಾರು ಸ್ಕಾಟರು ಐರ್ಲೆಂಡಿನ ಅಲ್ಸ್ಟರ್ ಪ್ರಾಂತ್ಯದಲ್ಲಿ ನೆಲೆಸಿದರು. ಮುಂದಿನ ಶತಮಾನದಲ್ಲಿ ಏರುತ್ತಿದ್ದ ಗೇಣಿ, ಕೈಕೊಟ್ಟ ಬೆಳೆ, ಧರ್ಮದ ಹೆಸರಿನ ನಿರ್ಬಂಧಗಳಿಂದ ಬೇಸತ್ತ ಅವರ ಸಂತತಿ ಪೆನ್ಸಿಲ್ವೇನಿಯಕ್ಕೆ ಹಡಗು ಹತ್ತಿತು. ಕರಾವಳಿಗೆ ಹತ್ತಿರದ ಒಳ್ಳೆಯ ಜಮೀನು ಆಗಲೇ ಬೇರೆಯವರ ಪಾಲಾಗಿತ್ತು. ಹಾಗಾಗಿ ಅಪಲೇಶಿಯನ್ ಬೆಟ್ಟ ದಾಟಿ, ಅಲಿಗೇನಿ ಮತ್ತು ಮೊನಾಂಗಹೀಲ ನದಿಗಳು ಕೂಡಿ ಒಹಾಯೊ ನದಿಯಾಗುವ ಕಡೆಗೆ ಬಂದರು. ಪಿಟ್ಸ್‌ಬರ್ಗ್ ಬೆಳೆದದ್ದು ಆ ಸಂಗಮದಲ್ಲೇ. ಮನೆ ಒಪ್ಪ ಮಾಡುವುದಕ್ಕೆ ‘ರೆಡ್ ಅಪ್’ ಎಂಬ ಮಾತೂ ಅವರ ಜೊತೆಗೇ ಬಂತು. ಆಮೇಲೆ ಉಕ್ಕಿನ ಕಾರ್ಖಾನೆಗಳಿಗೆ ಪೋಲೆಂಡ್, ಸ್ಲೊವಾಕಿಯ, ಇಟಲಿಗಳಿಂದ ಬಂದವರ ಮಕ್ಕಳು ಬೀದಿಯಲ್ಲಿ ಆಡುತ್ತ ಕಲಿತದ್ದು ಇದೇ ಇಂಗ್ಲಿಷು.

ಇಂಥ ಪದ ಇಷ್ಟು ಕಾಲ ಉಳಿಯಲು ಕಾರಣ, ಅದು ಮನೆಯೊಳಗಿನ ಮಾತು ಎಂಬುದು ಎಂದು ನನಗನ್ನಿಸುತ್ತದೆ. ಮೇಷ್ಟ್ರು ವ್ಯಾಕರಣ ತಿದ್ದಬಹುದು, ಪತ್ರಿಕೆಗಳು ಕಾಗುಣಿತ ತಿದ್ದಬಹುದು. ಅಜ್ಜಿ ಮೊಮ್ಮಗಳನ್ನು ಗದರುವ ಪದಕ್ಕೆ ಕೈಹಾಕಲು ಯಾರಿದ್ದಾರೆ?

ಅಂಥ ಪದಗಳನ್ನು ಹಿಡಿಯಬೇಕಾದರೆ ಮನೆಬಾಗಿಲಿಗೇ ಹೋಗಬೇಕು. ಅಮೆರಿಕದ ಪ್ರಾದೇಶಿಕ ಇಂಗ್ಲಿಷಿನ ನಿಘಂಟಿಗಾಗಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಕ್ಯಾಸಿಡಿ ಮಾಡಿಸಿದ್ದು ಅದನ್ನೇ. 1965ರಿಂದ 1970ರವರೆಗೆ ಅವರ ತಂಡದವರು ‘ವರ್ಡ್ ವ್ಯಾಗನ್’ ಎಂಬ ವ್ಯಾನುಗಳಲ್ಲಿ 1,002 ಊರುಗಳನ್ನು ಸುತ್ತಿದರು. ಆಯಾ ಊರಲ್ಲೇ ಬಾಳಿದವರನ್ನು ಕೂರಿಸಿಕೊಂಡು ಅಡುಗೆ, ಹವಾಮಾನ, ನೆರೆಹೊರೆ ಎಂದು 1,600ಕ್ಕೂ ಹೆಚ್ಚು ಪ್ರಶ್ನೆ ಕೇಳಿದರು. ಉತ್ತರ ಬಾಯಿಗೆ ಬಂದ ಹಾಗೇ ಬರಲಿ ಎಂದು ಅರ್ಧ ವಾಕ್ಯ ಹೇಳಿ ಉಳಿದದ್ದನ್ನು ತುಂಬಲು ಬಿಡುತ್ತಿದ್ದರು. ಹಲವರಿಂದ ಇಲಿಯೊಂದರ ಪುಟ್ಟ ಕಥೆ ಓದಿಸಿ ಟೇಪಿನಲ್ಲಿ ದಾಖಲಿಸಿಕೊಂಡರು. ಒಂದೇ ಕಥೆಯನ್ನು ಎಲ್ಲರೂ ಓದಿದರೆ ಉಚ್ಚಾರದ ವ್ಯತ್ಯಾಸ ನೇರವಾಗಿ ಕಿವಿಗೆ ಬೀಳುತ್ತದೆ. ಮೊದಲ ಸಂಪುಟ 1985ರಲ್ಲಿ ಬಂತು, ಐದನೆಯದು 2012ರಲ್ಲಿ. ಕ್ಯಾಸಿಡಿ 2000ದಲ್ಲೇ ತೀರಿಕೊಂಡಿದ್ದರು. ‘ಝಡ್‌ವರೆಗೂ ಸಾಗಲಿ’ ಎಂಬರ್ಥದ ಮಾತು ಅವರ ಸಮಾಧಿಯ ಕಲ್ಲಿನ ಮೇಲಿದೆ.

ಹೀಗೆ ದಾಖಲೆ ಇಲ್ಲದ ಕಡೆ ಕಟ್ಟುಕಥೆ ನುಗ್ಗುತ್ತದೆ. ಬೇರೆಯವರ ವಿಷಯಕ್ಕೆ ಮೂಗು ತೂರಿಸುವವರಿಗೆ ಬ್ರಿಟನ್ನಿನಲ್ಲಿ ಹೇಳುವ ‘ನೋಸಿ ಪಾರ್ಕರ್’ ಎಂಬ ಮಾತನ್ನು 16ನೇ ಶತಮಾನದ ಆರ್ಚ್‌ಬಿಷಪ್ ಮ್ಯಾಥ್ಯೂ ಪಾರ್ಕರ್‌ಗೆ ಗಂಟು ಹಾಕುವವರಿದ್ದಾರೆ. ಅವರು ತೀರಿಕೊಂಡದ್ದು 1575ರಲ್ಲಿ. ಈ ನುಡಿಗಟ್ಟು ಬರವಣಿಗೆಯಲ್ಲಿ ಕಾಣಿಸುವುದು 19ನೇ ಶತಮಾನದ ಕೊನೆಯಲ್ಲಿ. ನಡುವಿನ ಮುನ್ನೂರಕ್ಕೂ ಹೆಚ್ಚು ವರ್ಷ ಒಬ್ಬರ ಕಾಗದದಲ್ಲೂ ಸುಳಿಯದ ಮಾತನ್ನು ಆ ಪಾದ್ರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಬೇರೆ ಕಡೆಯ ಇಂಗ್ಲಿಷುಗಳೂ ಈ ವಿಷಯದಲ್ಲಿ ಶ್ರೀಮಂತವೇ. ಆಸ್ಟ್ರೇಲಿಯದಲ್ಲಿ ‘ಸ್ಟಿಕಿಬೀಕ್’, ಅಲ್ಲೂ ಕೊಕ್ಕೇ. ಕೊಳ್ಳುವ ಉದ್ದೇಶವಿಲ್ಲದಿದ್ದರೂ ಮಾರಾಟಕ್ಕಿಟ್ಟ ಮನೆಯೊಳಗೆ ಹೊಕ್ಕು ನೋಡಿ ಬರುವುದಕ್ಕೂ ಅದೇ ಪದ, ಅದರಲ್ಲಿ ಬೈಗುಳಕ್ಕಿಂತ ಸಲಿಗೆ ಹೆಚ್ಚು. ಸಿಂಗಪುರದ ‘ಕೇಪೋ’ ಹೊಕ್ಕಿಯನ್ ಚೀನೀ ನುಡಿಯಿಂದ ಬಂದದ್ದು. ನೈಜೀರಿಯದಲ್ಲಿ ಚಾಡಿ, ಹರಟೆಯವರಿಗೆ ‘ಅಮೆಬೋ’ ಎನ್ನುತ್ತಾರೆ. 1968ರಲ್ಲಿ ಶುರುವಾದ ಟಿವಿ ಧಾರಾವಾಹಿಯ ಪಾತ್ರವೊಂದರ ಹೆಸರು ಹಾಗೇ ಜನರ ನಾಲಗೆ ಮೇಲೆ ಕೂತಿತು. ಮೂಗು ತೂರಿಸುವುದು ಕನ್ನಡದಲ್ಲೂ ಇದೆ. ಕದ್ದು ನೋಡಲು ಕತ್ತು ಚಾಚಿದರೆ ಮೊದಲು ಮುಂದೆ ಹೋಗುವುದು ಮೂಗೇ ತಾನೆ.

ಬೇರೆಯವರ ವಿಷಯದ ಮೇಲಿನ ಕುತೂಹಲ ಮನುಷ್ಯರಲ್ಲಿ ಆಳವಾಗಿದೆ. ಬ್ರಿಟನ್ನಿನ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಸಾರ್ವಜನಿಕ ಸ್ಥಳಗಳಲ್ಲಿ ಜನರ ಮಾತಿಗೆ ಕಿವಿಗೊಟ್ಟು 1997ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಮಾತಿನ ಸಮಯದಲ್ಲಿ ಸುಮಾರು ಮೂರನೇ ಎರಡು ಭಾಗ ಸಾಮಾಜಿಕ ಸಂಗತಿಗಳಿಗೇ ಹೋಗುತ್ತಿತ್ತು, ಅದರಲ್ಲಿ ನಿಂದೆಯ ಪಾಲು ತೀರಾ ಕಡಿಮೆ. ಯಾರನ್ನು ನಂಬಬಹುದು, ಯಾರು ಕಷ್ಟದಲ್ಲಿದ್ದಾರೆ ಎಂಬುದು ತಿಳಿಯುವುದು ಇಂಥ ಮಾತಿನಿಂದಲೇ. ಕುತೂಹಲ ಬೇಕು, ಆದರೆ ಮಿತಿ ಮೀರಬಾರದು. ಆ ಗೆರೆ ಎಲ್ಲಿದೆ ಎಂದು ಮಕ್ಕಳಿಗೆ ತೋರಿಸುವ ಕೆಲಸವನ್ನು ನೆಬಿಯಂಥ ಪದಗಳು ಮಾಡುತ್ತವೆ.

1980ರ ದಶಕದಲ್ಲಿ ಪಿಟ್ಸ್‌ಬರ್ಗಿನ ಉಕ್ಕಿನ ಉದ್ಯಮ ಕುಸಿದು ಸಾವಿರಾರು ಜನ ಕೆಲಸ ಹುಡುಕುತ್ತ ಊರು ಬಿಟ್ಟರು. ಆ ನಗರದ ಮಾತನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಭಾಷಾವಿಜ್ಞಾನಿ ಬಾರ್ಬರಾ ಜಾನ್‌ಸ್ಟನ್ ತೋರಿಸಿಕೊಟ್ಟಂತೆ, ಹಿಂದೆ ದುಡಿಯುವ ವರ್ಗದ ಒರಟು ಮಾತು ಎನಿಸಿಕೊಂಡದ್ದು ಕ್ರಮೇಣ ಊರಿನ ಹೆಮ್ಮೆಯ ಗುರುತಾಯಿತು. ಟಿ-ಶರ್ಟು, ಮಗ್ಗುಗಳ ಮೇಲೆ ಸ್ಥಳೀಯ ಪದಗಳು ಅಚ್ಚಾದವು. ಆದರೆ ‘ಡೌನ್‌ಟೌನ್’ ಎಂಬುದನ್ನು ‘ಡಾನ್‌ಟಾನ್’ ಎನ್ನುವಂಥ ಉಚ್ಚಾರ ಕಿರಿಯರಲ್ಲಿ ಕಡಿಮೆಯಾಗುತ್ತಿದೆ. ಪದಗಳನ್ನು ಮಗ್ಗಿನ ಮೇಲೆ ಅಚ್ಚು ಹಾಕಬಹುದು. ಉಚ್ಚಾರ ಬೇಕೆಂದರೆ ಹಿರಿಯರ ಮಾತನ್ನು ಅವರಿರುವಾಗಲೇ ದಾಖಲಿಸಿಕೊಳ್ಳಬೇಕು, ಕ್ಯಾಸಿಡಿಯ ತಂಡ ಮಾಡಿದ ಹಾಗೆ.