ಬರ್ಲಿನ್‌ನ ಪಾದ್ರಿ, ವಿಜಯನಗರದ ಸಾಯಣ

1797ರ ನವೆಂಬರ್ 21. ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ಪಾದ್ರಿಯಾಗಿದ್ದ ಫ್ರೀಡ್ರಿಶ್ ಶ್ಲಾಯರ್‌ಮಾಖರ್‌ಗೆ ಅಂದು 29 ತುಂಬಿತು. ಹುಟ್ಟುಹಬ್ಬಕ್ಕೆ ಬಂದ ಗೆಳೆಯರು ಸುಮ್ನೆ ಎದ್ದು ಹೋಗಲಿಲ್ಲ. ನೀನೊಂದು ಪುಸ್ತಕ ಬರೆಯಲೇಬೇಕು ಎಂದು ಪಟ್ಟು ಹಿಡಿದರು. ಅವರಲ್ಲಿ, ಬರೀ ತರ್ಕಕ್ಕಿಂತ ಭಾವನೆ, ಕಲ್ಪನೆಗಳಿಗೆ ಬೆಲೆ ಕೊಟ್ಟ ರೊಮ್ಯಾಂಟಿಕ್ ಚಳವಳಿಯ ಮುಂದಾಳು ಫ್ರೀಡ್ರಿಶ್ ಶ್ಲೇಗೆಲ್ ಕೂಡ ಇದ್ದ.

1799ರಲ್ಲಿ ಪುಸ್ತಕ ಬಂತು. ಧರ್ಮ ಅಂದರೆ ಮೂಗು ಮುರಿಯುವ ಓದಿದವರಿಗೆಂದೇ ಬರೆದ ಐದು ಭಾಷಣಗಳು. ಆಗಿನ ಬುದ್ಧಿವಂತರು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ದೇವರಿದ್ದಾನೆ ಎನ್ನಲು ಪುರಾವೆ ಏನು? ಧರ್ಮದಿಂದ ಜನರ ನಡತೆ ತಿದ್ದೀತೇ? ಶ್ಲಾಯರ್‌ಮಾಖರ್ ಎರಡನ್ನೂ ಬದಿಗಿಟ್ಟ. ಕೊನೆಯಿಲ್ಲದ ಈ ವಿಶ್ವದ ಮುಂದೆ ನಿಂತಾಗ ಮನಸ್ಸಿಗೆ ಏನು ಅನಿಸುತ್ತದೋ, ಧರ್ಮದ ಬೇರು ಅಲ್ಲಿದೆ ಎಂದ. ಅದು ಎಲ್ಲರಿಗೂ ಒಂದೇ ಥರ ಅನಿಸುವುದಿಲ್ಲ, ಹಾಗಾಗಿ ಧರ್ಮಗಳು ಹಲವು ಎಂದ. ಕ್ರೈಸ್ತ ಧರ್ಮವೇ ಮೇಲು ಎಂಬ ನಂಬಿಕೆಯನ್ನು ಆತ ಬಿಡಲಿಲ್ಲ, ನಿಜ. ಆದರೂ ಬೇರೆಯವರ ಧರ್ಮವನ್ನು ಒಳಗಿನಿಂದ ನೋಡುವ ದಾರಿ ತೆರೆಯಿತು. ವಚನಕಾರರಿಂದ ಅನುಭಾವ ಎಂಬ ಮಾತು ಕಲಿತ ನಮಗೆ ಇದು ಹೊಸದೆನಿಸದು. ಯೂರೋಪಿನ ವಿಶ್ವವಿದ್ಯಾಲಯಗಳಿಗೆ ಮಾತ್ರ ದೊಡ್ಡ ತಿರುವು. 1899ರಲ್ಲಿ ಇದೇ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದ ಜರ್ಮನ್ ಧರ್ಮಶಾಸ್ತ್ರ ವಿದ್ವಾಂಸ ರುಡಾಲ್ಫ್ ಓಟೋ, 1917ರಲ್ಲಿ ಹೆದರಿಸುತ್ತಲೇ ಸೆಳೆಯುವ ಪವಿತ್ರದ ಅನುಭವದ ಬಗ್ಗೆ ಬರೆದ.

ರೊಮ್ಯಾಂಟಿಕರಿಗೆ ಇನ್ನೊಂದು ಹಂಬಲವಿತ್ತು: ಮೂಲದ ಹುಡುಕಾಟ. ಹಳೆಯದಾದಷ್ಟೂ ಶುದ್ಧ ಎಂಬ ನಂಬಿಕೆ. ಶ್ಲೇಗೆಲ್ ಪ್ಯಾರಿಸ್‌ನಲ್ಲಿ ಸಂಸ್ಕೃತ ಕಲಿತು, 1808ರಲ್ಲಿ ಭಾರತೀಯರ ಭಾಷೆ ಮತ್ತು ಜ್ಞಾನದ ಕುರಿತು ಪುಸ್ತಕ ತಂದ. ಮುಂದೆ ಬಂದವರು ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್. ತಂದೆ ವಿಲ್ಹೆಲ್ಮ್ ಮುಲ್ಲರ್ ರೊಮ್ಯಾಂಟಿಕ್ ಕವಿ. ಮಗನಿಗೆ ವೇದದಲ್ಲಿ ಕಂಡದ್ದು ಮನುಕುಲದ ಬಾಲ್ಯ. ಆಮೇಲಿನ ಪೂಜೆ, ಪುರಾಣಗಳಲ್ಲಿ ಕಂಡದ್ದು ಜಾಸ್ತಿ ಇಳಿಮುಖವೇ. ಅವರು ಭಾರತಕ್ಕೆ ಒಮ್ಮೆಯೂ ಬರಲಿಲ್ಲ.

ಈ ನೋಟ ನನಗೆ ನೋವು ಕೊಡುತ್ತದೆ. ಇಂದು ದೀಪ ಹಚ್ಚುವವರ ಧರ್ಮ ಹಳೆಯದರ ಉಳಿಕೆ ಮಾತ್ರವೇ?

ಮುಲ್ಲರ್ 1849ರಿಂದ 1874ರವರೆಗೆ ಆರು ಸಂಪುಟಗಳಲ್ಲಿ ಋಗ್ವೇದ ಪ್ರಕಟಿಸಿದರು. ಜೊತೆಗೆ ಸಾಯಣಭಾಷ್ಯ, ಅಂದರೆ ಸಾಯಣ ಅದಕ್ಕೆ ಬರೆದ ವಿವರಣೆ. ಸಾಯಣ 14ನೇ ಶತಮಾನದ ವಿಜಯನಗರದವನು, ಬುಕ್ಕರಾಯನ ಕಾಲದ ಮಂತ್ರಿ. ಆತ ಸೂಕ್ತದ (ವೇದದ ಸ್ತುತಿಯ) ಅರ್ಥಕ್ಕೆ ಕೈ ಹಾಕುವ ಮೊದಲು ಅದರ ವಿನಿಯೋಗ ಹೇಳುತ್ತಾನೆ: ಈ ಮಂತ್ರವನ್ನು ಯಾವ ಕರ್ಮದಲ್ಲಿ, ಯಾವ ಹೊತ್ತಿನಲ್ಲಿ ಹೇಳಬೇಕು ಎಂದು. ವೇದ ಆತನಿಗೆ ದಿನದ ಬಳಕೆಯ ಮಾತು. ಬರೀ ಮನುಕುಲದ ಮೊದಲ ಕಾವ್ಯ ಹುಡುಕಿಕೊಂಡು ಬಂದವರು ಆ ಸಾಲುಗಳನ್ನು ದಾಟಿ ಹೋಗಬಹುದು. ಆದರೆ ಮುಲ್ಲರ್ ಅವನ್ನೂ ಅಚ್ಚು ಹಾಕಿಸಿದರು, ಮಂತ್ರದ ಜೊತೆಯಲ್ಲೇ.