ಲೇಸಿಕ್ ಎಂದರೆ ಪೊರೆ ತೆಗೆಯುವುದಲ್ಲ

ಮಂಡ್ಯದ ನೂರಡಿ ರಸ್ತೆಯಲ್ಲಿ ಕಳೆದ ತಿಂಗಳು ಕಟ್ಟಿದ್ದ ಬ್ಯಾನರೊಂದರಲ್ಲಿ ‘ಉಚಿತ ಲೇಸಿಕ್ ಪೊರೆ ಶಸ್ತ್ರಚಿಕಿತ್ಸಾ ಶಿಬಿರ, 60 ವರ್ಷ ಮೇಲ್ಪಟ್ಟವರಿಗೆ ಆದ್ಯತೆ’ ಎಂದು ಬರೆದಿತ್ತು. ಅದೇ ವಾರ ಮೈಸೂರಿನ ಮದುವೆಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ‘ನನಗೂ ಲೇಸಿಕ್ ಆಯಿತು, ಒಳಗೆ ಹೊಸ ಲೆನ್ಸ್ ಕೂರಿಸಿದರು’ ಎಂದಾಗ ಪಂಕ್ತಿಯಲ್ಲಿದ್ದವರೆಲ್ಲ ತಲೆದೂಗಿದರು. ಲೆನ್ಸ್ ಕೂರಿಸಿದ್ದರೆ ಅದು ಪೊರೆಯ ಶಸ್ತ್ರಚಿಕಿತ್ಸೆ; ಲೇಸಿಕ್‌ನಲ್ಲಿ ಒಳಗಿನ ಲೆನ್ಸನ್ನು ಯಾರೂ ಮುಟ್ಟುವುದೇ ಇಲ್ಲ, ಕನ್ನಡಕದ ನಂಬರ್ ಹೋಗಲೆಂದು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಲೇಸರಿನಿಂದ ಕೆತ್ತಿ ಆಕಾರ ತಿದ್ದುತ್ತಾರೆ.

‘ಲೇಸರ್ ಅಸಿಸ್ಟೆಡ್ ಇನ್ ಸಿಟು ಕೆರಟೊಮೈಲ್ಯೂಸಿಸ್’ ಎಂಬ ಮಾರುದ್ದದ ಹೆಸರು ಮೊಟಕಾಗಿ ಲೇಸಿಕ್ ಆಗಿದೆ. ಗ್ರೀಕಿನಲ್ಲಿ ‘ಕೆರಾಸ್’ ಎಂದರೆ ಕೊಂಬು. ಲ್ಯಾಟಿನ್ನಿನ ‘ಕಾರ್ನು’ ಕೂಡ ಕೊಂಬೇ, ಕಾರ್ನಿಯಾ ಎಂಬ ಹೆಸರು ಬಂದದ್ದು ಅಲ್ಲಿಂದ. ಮೈಲ್ಯೂಸಿಸ್ ಎಂದರೆ ಕೆತ್ತನೆ. ಈ ಪದವನ್ನು ಬಳಕೆಗೆ ತಂದ ಕೊಲಂಬಿಯಾದ ವೈದ್ಯ ಹೋಸೆ ಬರಾಕೆರ್ ಕಾರ್ನಿಯಾದ ಒಂದು ಬಿಲ್ಲೆಯನ್ನು ಕಣ್ಣಿನಿಂದ ತೆಗೆದು, ಹೆಪ್ಪುಗಟ್ಟಿಸಿ, ಲೇತ್ ಯಂತ್ರದಲ್ಲಿ ಕಡೆದು, ಮತ್ತೆ ಕಣ್ಣಿಗೆ ಹೊಲಿಯುತ್ತಿದ್ದರು. ‘ಇನ್ ಸಿಟು’ ಎಂಬುದಕ್ಕೆ ತೂಕ ಬರುವುದು ಇದನ್ನು ತಿಳಿದಾಗಲೇ: ಈಗ ಏನನ್ನೂ ಹೊರಗೆ ಒಯ್ಯದೆ, ಇದ್ದಲ್ಲೇ ಕೆತ್ತುತ್ತಾರೆ. ಉಳಿಯ ಜಾಗದಲ್ಲಿರುವುದು 193 ನ್ಯಾನೊಮೀಟರ್ ತರಂಗಾಂತರದ, ಎಕ್ಸೈಮರ್ ಎಂಬ ಅತಿನೇರಳೆ ಲೇಸರ್. ಅದು ಸುತ್ತಲ ಅಂಗಾಂಶವನ್ನು ಸುಡದೆ ನಯವಾಗಿ ಕೆತ್ತಬಲ್ಲದೆಂದು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡವರಲ್ಲಿ ಮದರಾಸಿನಲ್ಲಿ ಓದಿದ್ದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ಅವರು ಪ್ರಯೋಗಕ್ಕೆ ಬಳಸಿದ್ದು ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ಚೂರನ್ನು.

ಪೊರೆ ಎಂಬ ನಮ್ಮ ಪದವೂ ಈ ಗೊಂದಲದಲ್ಲಿ ಪಾಲುದಾರ. ಹಾವಿನ ಪೊರೆಯಂತೆ ಕಣ್ಣಿನ ಮೇಲೆ ಏನೋ ಬೆಳೆದಿದೆ, ಅದನ್ನು ಲೇಸರ್ ಸುಟ್ಟುಹಾಕುತ್ತದೆ ಎಂಬ ಕಲ್ಪನೆ ಹುಟ್ಟುವುದು ಸಹಜ. ಆದರೆ ಮಂಜಾಗುವುದು ಒಳಗಿನ ಮಸೂರವೇ, ಅದನ್ನು ತೆಗೆದು ಕೃತಕ ಮಸೂರ ಇಡುವುದೇ ಅಲ್ಲಿಯ ಕೆಲಸ. ಕೆಲವರಿಗೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಆ ಮಸೂರವನ್ನು ಹಿಡಿದಿರುವ ತೆಳು ಚೀಲದ ಹಿಂಬದಿ ಮಂಕಾಗುತ್ತದೆ. ಅದನ್ನು ಯಾಗ್ ಎಂಬ ಇನ್ನೊಂದು ಬಗೆಯ ಲೇಸರಿನಿಂದ ತೆರವು ಮಾಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಕೆಟ್ಟ ರೆಟಿನಾಕ್ಕೆ ಕೊಡುವ ಲೇಸರ್ ಬೇರೆಯೇ. ಲೇಸರ್ ಎಂಬುದು ಉಪಕರಣದ ಹೆಸರು. ‘ಕಣ್ಣಿಗೆ ಲೇಸರ್ ಆಯಿತು’ ಎನ್ನುವುದು ‘ಮನೆಗೆ ಸುತ್ತಿಗೆ ಆಯಿತು’ ಎಂದ ಹಾಗೆ.

ಲೇಸಿಕ್ ಇರುವುದು ನಮ್ಮ ಕಡೆಯ ಮಾತಿನಲ್ಲಿ ‘ಸೈಟ್’ ಇರುವವರಿಗೆ (ಕುವೆಂಪುನಗರದ ಸೈಟ್ ಅಲ್ಲ). ಸಾಮಾನ್ಯವಾಗಿ 18 ತುಂಬಿರಬೇಕು, ಕನ್ನಡಕದ ನಂಬರ್ ಒಂದು ವರ್ಷವಾದರೂ ಬದಲಾಗದೆ ನಿಂತಿರಬೇಕು, ಕಾರ್ನಿಯಾ ಸಾಕಷ್ಟು ದಪ್ಪವಿರಬೇಕು. ದಪ್ಪದ ಲೆಕ್ಕ ಕುತೂಹಲದ್ದು. ಕಾರ್ನಿಯಾ ಸುಮಾರು 540 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇದ್ದು, ಕೆತ್ತುವ ಮುನ್ನ ಮುಚ್ಚಳದಂತೆ ಮೇಲೆತ್ತುವ ಪದರ ಸುಮಾರು 110 ಮೈಕ್ರಾನ್ ಆದರೆ, ಮೈನಸ್ ನಾಲ್ಕು ನಂಬರಿಗೆ ಅಂದಾಜು 55ರಿಂದ 60 ಮೈಕ್ರಾನ್ ಕೆತ್ತಬೇಕಾಗುತ್ತದೆ. ಅಡಿಯಲ್ಲಿ ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕು. ಕಾರ್ನಿಯಾ ತೆಳುವಾಗಿದ್ದರೆ ಅಥವಾ ಶಂಕುವಿನಂತೆ ಉಬ್ಬುವ ಕೆರಟೊಕೋನಸ್ ಲಕ್ಷಣವಿದ್ದರೆ ವೈದ್ಯರು ಬೇಡವೆನ್ನುತ್ತಾರೆ, ಅವರೊಂದಿಗೆ ಚೌಕಾಸಿ ಮಾಡಬಾರದು.

ಶಸ್ತ್ರಚಿಕಿತ್ಸೆ ಕೆಲವೇ ನಿಮಿಷಗಳದ್ದು. ನೋವಾಗದಂತೆ ಹನಿ ಹಾಕಿರುತ್ತಾರೆ. ನನ್ನ ಅಕ್ಕನ ಮಗಳು ಹೇಳಿದಂತೆ, ಕಣ್ಣನ್ನು ಹಿಡಿದು ಒತ್ತಿದ ಹಾಗಾಗಿ ಕ್ಷಣಕಾಲ ಕತ್ತಲು ಕವಿಯಿತು, ಆಮೇಲೆ ಕೂದಲು ಸೀದಂಥ ವಾಸನೆ ಬಂತು; ಮನೆಗೆ ಬಂದು ಸಂಜೆಯವರೆಗೆ ಈರುಳ್ಳಿ ಹೆಚ್ಚಿದವಳಂತೆ ಕಣ್ಣೀರು ಸುರಿಸುತ್ತಿದ್ದಳು. ಮರುದಿನ ಬೆಳಿಗ್ಗೆ ಎದುರುಗೋಡೆಯ ಕ್ಯಾಲೆಂಡರಿನ ತಿಥಿಯನ್ನು ಮಂಚದಿಂದಲೇ ಓದಿದಳು. ಕಣ್ಣು ಒಣಗುವುದು, ರಾತ್ರಿ ದೀಪಗಳ ಸುತ್ತ ಪ್ರಭಾವಳಿ ಕಾಣುವುದು ಹಲವರಿಗೆ ಕೆಲವು ತಿಂಗಳು ಇರುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಕಣ್ಣುಜ್ಜಿಕೊಳ್ಳುವುದಂತೂ ಕೂಡದು.

ಇನ್ನು ಚಾಳೀಸು. ಹೆಸರಿನಲ್ಲೇ ನಲವತ್ತಿದೆ; ಆ ವಯಸ್ಸಿನ ಆಸುಪಾಸಿನಲ್ಲಿ ಒಳಗಿನ ಮಸೂರದ ಬಾಗುವ ಗುಣ ಕುಗ್ಗುವುದರಿಂದ ಅದು ಬರುತ್ತದೆ. ಇಪ್ಪತ್ತೈದರಲ್ಲಿ ಲೇಸಿಕ್ ಮಾಡಿಸಿಕೊಂಡವರು ನಲವತ್ತೈದರಲ್ಲಿ ಪತ್ರಿಕೆ ಓದಲು ಕನ್ನಡಕ ಕೊಂಡರೆ ‘ಲೇಸಿಕ್ ಫೇಲಾಯಿತು’ ಎನ್ನುವಂತಿಲ್ಲ. ಅದೇ ಕಣ್ಣಿಗೆ ಮುಂದೊಂದು ದಿನ ಪೊರೆಯೂ ಬರಬಹುದು. ಕೆತ್ತಿದ ಕಾರ್ನಿಯಾಕ್ಕೆ ಕೃತಕ ಮಸೂರದ ಪವರ್ ಲೆಕ್ಕ ಹಾಕುವ ಕ್ರಮ ಬೇರೆಯಾದ್ದರಿಂದ, ಆಗ ವೈದ್ಯರು ಲೇಸಿಕ್‌ಗೆ ಮುಂಚಿನ ಅಳತೆಯ ಚೀಟಿ ಕೇಳುತ್ತಾರೆ. ‘ಹಿಂದೆ ಯಾವುದೋ ಲೇಸರ್ ಆಗಿತ್ತು’ ಎಂಬ ಉತ್ತರದಿಂದ ಅವರಿಗೆ ಏನೂ ಸಿಗುವುದಿಲ್ಲ.