ಬೆಲೆ ಕೊಟ್ಟಿದ್ದು ಯಾರಿಗೆ?

ಎರಡು ಹೋತಗಳು. ಯಾವುದು ದೇವರಿಗೆ, ಯಾವುದು ಅಡವಿಗೆ ಅಂತ ಚೀಟಿ ಹಾಕಿ ನೋಡುತ್ತಾರೆ. ದೇವರ ಪಾಲಿನದನ್ನು ಕೊಯ್ಯುತ್ತಾರೆ. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈ ಇಟ್ಟು, ಜನರ ಪಾಪಗಳನ್ನೆಲ್ಲ ಹೇಳುತ್ತಾನೆ. ಆಮೇಲೆ ಒಬ್ಬ ಆಳು ಅದನ್ನು ಅಡವಿಗೆ ಹೊಡೆದುಕೊಂಡು ಹೋಗಿ ಬಿಟ್ಟುಬರುತ್ತಾನೆ. ಬೈಬಲಿನ ಯಾಜಕಕಾಂಡದ 16ನೇ ಅಧ್ಯಾಯದಲ್ಲಿರುವ ದೋಷಪರಿಹಾರದ ದಿನದ ವಿಧಿ ಇದು. ಒಂದು ಸಾಯುತ್ತದೆ, ಒಂದು ಹೊತ್ತುಕೊಂಡು ಹೋಗುತ್ತದೆ. ಜನ ಹಗುರಾಗುತ್ತಾರೆ.

ಇದೇ ದಿನಕ್ಕೆ ಇನ್ನೊಂದು ಸಂಗತಿಯೂ ಅಂಟಿಕೊಂಡಿದೆ. 50 ವರ್ಷಕ್ಕೊಮ್ಮೆ ಬರುವ ಜೂಬಿಲಿ ವರ್ಷದ ಕೊಂಬು ಊದಬೇಕಾದದ್ದೂ ಇದೇ ದಿನ. ಆ ವರ್ಷ, ಕಷ್ಟಕ್ಕೆ ಮಾರಿದ ಹೊಲ ಹಳೆಯ ಮನೆತನಕ್ಕೆ ವಾಪಸ್. ಬಡತನಕ್ಕೆ ತಮ್ಮನ್ನೇ ಮಾರಿಕೊಂಡವರು ತಮ್ಮ ಮನೆಗೆ ವಾಪಸ್. ಹೀಬ್ರೂ ಗ್ರಂಥಗಳನ್ನು ಗ್ರೀಕ್‌ಗೆ ತಂದವರು ಈ ಬಿಡುಗಡೆಗೆ 'ಅಫೆಸಿಸ್' ಅನ್ನುವ ಪದ ಬಳಸಿದರು. ಮುಂದೆ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಬರೆದವರು ಪಾಪಕ್ಷಮೆ ಅನ್ನಲು ಎತ್ತಿಕೊಂಡದ್ದೂ ಇದೇ ಪದವನ್ನು. ಕನ್ನಡದಲ್ಲಿ ಬಿಡುಗಡೆ ಬೇರೆ, ಕ್ಷಮೆ ಬೇರೆ. ಅಲ್ಲಿ ಎರಡೂ ಒಂದೇ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಂತೂ ಸಾಲಕ್ಕೂ ಪಾಪಕ್ಕೂ ಒಂದೇ ಮಾತು. ಕ್ಷಮಿಸುವುದು ಅಂದರೆ ಸಾಲದ ಪತ್ರ ಹರಿದುಹಾಕಿದ ಹಾಗೆ.

ಯೇಸುವನ್ನು ಶಿಲುಬೆಗೆ ಹಾಕಿದ್ದು ಪಸ್ಕ ಹಬ್ಬದ ಹೊತ್ತಿಗೆ, ಪಿಲಾತ ರೋಮಿನ ಪರವಾಗಿ ಯೂದಾಯವನ್ನು ಆಳುತ್ತಿದ್ದಾಗ. ಪಸ್ಕ ಅಂದರೆ ಐಗುಪ್ತದ ಗುಲಾಮಗಿರಿಯಿಂದ ಪಾರಾದ ನೆನಪು. ಬಾಗಿಲ ಚೌಕಟ್ಟಿಗೆ ಕುರಿಮರಿಯ ರಕ್ತ ಹಚ್ಚಿದ ರಾತ್ರಿಯ ನೆನಪು. ಯೋಹಾನನ ಸುವಾರ್ತೆಯ ಲೆಕ್ಕ ಹಿಡಿದರೆ, ದೇವಾಲಯದಲ್ಲಿ ಪಸ್ಕದ ಮರಿಗಳನ್ನು ಕೊಯ್ಯುವ ದಿನವೇ ಅವನ ಪ್ರಾಣ ಹೋಯಿತು. ಅವನನ್ನು 'ದೇವರ ಕುರಿಮರಿ' ಅನ್ನುವುದು ಸುಮ್ನೆ ಬಂದದ್ದಲ್ಲ.

ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದರು. ಯಜ್ಞವೇದಿಯೇ ಇಲ್ಲವಾಯಿತು. ಯೆಹೂದಿ ಗುರುಗಳು ಪ್ರಾರ್ಥನೆ, ಪಶ್ಚಾತ್ತಾಪ, ದಯೆಯ ಕೆಲಸಗಳ ಕಡೆ ತಿರುಗಿದರು. ಕ್ರೈಸ್ತರು ಹೇಳಿದ್ದು ಬೇರೆ: ಯೇಸುವಿನ ಸಾವೇ ಬಲಿ, ಅದು ಒಂದೇ ಸಲಕ್ಕೆ ಆಗಿಹೋಗಿದೆ, ಇನ್ನೊಂದು ಬೇಕಿಲ್ಲ. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರದ ವಾದವೇ ಇದು.

ಸರಿ, ಆದರೆ ಒಂದು ತೊಡಕು ಉಳಿಯಿತು. ಮಾರ್ಕನ ಸುವಾರ್ತೆಯಲ್ಲಿ ಯೇಸು ತನ್ನ ಪ್ರಾಣವನ್ನು 'ಈಡು' ಅನ್ನುತ್ತಾನೆ. ಗ್ರೀಕ್‌ನಲ್ಲಿ ಅದು ಗುಲಾಮನನ್ನೋ ಯುದ್ಧಕೈದಿಯನ್ನೋ ಬಿಡಿಸಿಕೊಳ್ಳಲು ಎಣಿಸುವ ಹಣ. ಹಣ ಅಂದ ಮೇಲೆ ತೆಗೆದುಕೊಳ್ಳುವವರು ಒಬ್ಬರು ಇರಬೇಕಲ್ವಾ? ಯಾರು?

4ನೇ ಶತಮಾನದ ಬಿಷಪ್, ನಿಸ್ಸಾದ ಗ್ರೆಗರಿ 'ಸೈತಾನ' ಅಂದ. ಅವನ ಪ್ರಕಾರ ಮನುಷ್ಯರು ಸೈತಾನನ ಕೈಯಲ್ಲಿ ಒತ್ತೆ ಇದ್ದರು. ದೇವರು ಯೇಸುವಿನ ದೇಹವನ್ನು ಎರೆಯ ಹಾಗೆ ಒಡ್ಡಿದ, ಒಳಗೆ ದೈವತ್ವದ ಗಾಳ. ಸೈತಾನ ಆಸೆಬಿದ್ದು ನುಂಗಿದ, ಸಿಕ್ಕಿಬಿದ್ದ. ನನಗೆ ಈ ಕಥೆ ಇಷ್ಟ, ಮೀನು ಹಿಡಿದವನೇ ಹೇಳಿದ ಹಾಗಿದೆ. ಅವನ ಗೆಳೆಯ, ನಜಿಯನ್ಸಸ್‌ನ ಗ್ರೆಗರಿಗೆ ಮಾತ್ರ ಸಿಟ್ಟು ಬಂತು. ಕಳ್ಳನಿಗೆ ಕೂಲಿ ಕೊಡುವುದಾ? ಹಾಗಂತ ತಂದೆಯಾದ ದೇವರಿಗೆ ಕೊಟ್ಟದ್ದು ಅಂತಲೂ ಅವನು ಒಪ್ಪಲಿಲ್ಲ. ನಮ್ಮನ್ನು ಹಿಡಿದಿಟ್ಟಿದ್ದು ತಂದೆ ಅಲ್ಲವಲ್ಲ.

1098ರ ಹೊತ್ತಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ಸೈತಾನನನ್ನು ಲೆಕ್ಕದಿಂದಲೇ ತೆಗೆದುಹಾಕಿದ. ಅದು ಒಡೆಯ-ಒಕ್ಕಲಿನ ಕಾಲ, ಒಡೆಯನ ಮರ್ಯಾದೆಗೆ ಕುಂದು ಬಂದರೆ ದಂಡ ತೆರಬೇಕಾದ ಕಾಲ. ಪಾಪ ದೇವರ ಮರ್ಯಾದೆಗೆ ಬಂದ ಕುಂದು, ಅದನ್ನು ತುಂಬಿಕೊಡುವ ಶಕ್ತಿ ಮನುಷ್ಯನಿಗಿಲ್ಲ, ಅದಕ್ಕೇ ದೇವರೇ ಮನುಷ್ಯನಾಗಿ ಬಂದ ಅಂತ ಅವನ ತರ್ಕ. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಚಿಂತಕ ಅಬೆಲಾರ್ಡ್ ವ್ಯವಹಾರದ ಮಾತನ್ನು ಬದಿಗಿಟ್ಟು, ಆ ಸಾವು ತೋರಿಸಿದ ಪ್ರೀತಿಯೇ ನಮ್ಮನ್ನು ಬದಲಿಸುತ್ತದೆ ಅಂದ. 16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಓದಿದ್ದು ಕಾನೂನು. ಅವನ ಬರಹದಲ್ಲಿ ಶಿಲುಬೆ ನ್ಯಾಯಾಲಯವಾಗುತ್ತದೆ: ನಮ್ಮ ಶಿಕ್ಷೆ ಇನ್ನೊಬ್ಬನ ಮೇಲೆ, ನಾವು ಖುಲಾಸೆ. ಗುಲಾಮರ ಸಂತೆ, ಒಡೆಯನ ಅಂಗಳ, ಕೋರ್ಟು. ಪ್ರತಿ ಕಾಲವೂ ತನಗೆ ಗೊತ್ತಿದ್ದ ಜಾಗಕ್ಕೇ ಶಿಲುಬೆಯನ್ನು ತಂದು ನಿಲ್ಲಿಸಿದೆ.

ನಡುವೆ ನಿಜವಾದ ದುಡ್ಡೂ ಬಂತು. ರೋಮಿನಲ್ಲಿ ಸಂತ ಪೇತ್ರರ ದೇವಾಲಯ ಕಟ್ಟಲು ಹಣ ಬೇಕಿತ್ತು, ಜರ್ಮನಿಯಲ್ಲಿ ಟೆಟ್ಜೆಲ್ ಅನ್ನುವ ಸನ್ಯಾಸಿ ಕ್ಷಮಾಪತ್ರ ಮಾರುತ್ತಿದ್ದ. ಶಾಸ್ತ್ರದ ಪ್ರಕಾರ ಅದು ಪಾಪವನ್ನಲ್ಲ, ಉಳಿದ ಶಿಕ್ಷೆಯನ್ನು ಮಾತ್ರ ಕಡಿಮೆ ಮಾಡುವ ಪತ್ರ. ಕೊಳ್ಳುವವರಿಗೆ ಅಷ್ಟೆಲ್ಲ ವ್ಯತ್ಯಾಸ ಎಲ್ಲಿ ತಿಳಿಯಬೇಕು? 1517ರಲ್ಲಿ ಜರ್ಮನ್ ಸನ್ಯಾಸಿ ಲೂಥರ್ ಇದರ ವಿರುದ್ಧ 95 ವಾದಗಳನ್ನು ಮುಂದಿಟ್ಟ. ಬಲಿ ಒಮ್ಮೆಗೇ ಮುಗಿದಿದ್ದರೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಇಟ್ಟು ಮಾಡುವ ಪೂಜೆಯಲ್ಲಿ ಮತ್ತೆ ಬಲಿ ಅನ್ನುವುದು ಯಾಕೆ ಅಂತಲೂ ಮುಂದೆ ಕೇಳಿದ. 1562ರಲ್ಲಿ ಕಥೋಲಿಕ ಬಿಷಪ್ಪರ ಟ್ರೆಂಟ್ ಸಭೆಯ ಉತ್ತರ: ಪೂಜೆಯೂ ನಿಜವಾದ ಬಲಿಯೇ, ಅರ್ಪಿತವಾಗುವವನು ಅದೇ ಕ್ರಿಸ್ತ, ರೀತಿ ಮಾತ್ರ ಬೇರೆ. ಆ ಜಗಳದ ಗುರುತು ನಮ್ಮ ಕನ್ನಡದಲ್ಲೂ ಇದೆ. ಕಥೋಲಿಕರು ಹೋಗುವುದು ಬಲಿಪೂಜೆಗೆ. ಪ್ರೊಟೆಸ್ಟೆಂಟರು ಸೇರುವುದು ಕರ್ತನ ಭೋಜನಕ್ಕೆ.

ಇಷ್ಟೆಲ್ಲ ವಾದದಲ್ಲಿ ಬಿಡುಗಡೆ ಅನ್ನುವುದು ಜಾಸ್ತಿ ಮನಸ್ಸಿನ ಒಳಗಿನ ಸಂಗತಿಯಾಗಿಬಿಟ್ಟಿತ್ತು. ಅದು ಕೆಲವರಿಗೆ ಅನುಕೂಲವೂ ಆಯಿತು. 1807ರಲ್ಲಿ ಲಂಡನ್ನಿನಲ್ಲಿ, ಬ್ರಿಟಿಷ್ ವೆಸ್ಟ್ ಇಂಡೀಸ್‌ನ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಯಿತು. ಇಸ್ರಾಯೇಲರು ಐಗುಪ್ತದಿಂದ ಪಾರಾಗಿ ಹೊರಟ ಕಥೆ ಅದರಲ್ಲಿಲ್ಲ. ಗ್ರೀಕ್‌ನಲ್ಲಿ ಆ ಕಥೆ ಇರುವ ಬೈಬಲ್ ಭಾಗದ ಹೆಸರಿಗೆ ಬರೀ 'ಹೊರಡುವಿಕೆ' ಅನ್ನುವ ಅರ್ಥ. ಕನ್ನಡ ಬೈಬಲ್ ಅದನ್ನು ವಿಮೋಚನಕಾಂಡ ಅನ್ನುತ್ತದೆ. ತೋಟದ ಯಜಮಾನರಿಗೆ ಹೆದರಿಕೆ ಹುಟ್ಟಿಸುವಂಥದ್ದು ಅದರಲ್ಲಿ ಏನಿತ್ತು ಅನ್ನುವುದು ಈ ಹೆಸರಿನಲ್ಲೇ ಇದೆ.

ಆ ಕತ್ತರಿಸಿದ ಬೈಬಲಿನ ಪ್ರತಿಗಳು ಈಗ ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ಅಮೆರಿಕದ ನ್ಯಾಶ್ವಿಲ್‌ನಲ್ಲಿದೆ, ಫಿಸ್ಕ್ ವಿಶ್ವವಿದ್ಯಾಲಯದಲ್ಲಿ. ಗುಲಾಮಗಿರಿಯಿಂದ ಬಿಡುಗಡೆಯಾದವರು ಓದಲಿ ಅಂತ 1866ರಲ್ಲಿ ಶುರುವಾದ ಶಾಲೆ ಅದು.